ಕರುವನ್ನು ಅಗಲಿದ ಆಕಳ ಕೂಗು
ಇಂಡಿ ಊರಿನ ಮಿತ್ರರೇ, ಕರುವನ್ನು ಸಂತೆಯಲ್ಲಿ ಮಾರಿದ ಮೇಲೆ ನಿಮ್ಮ ಆಕಳು ಒದರುತ್ತಿರುವುದು ಕೆಚ್ಚಲು ಬಿಗಿದಿದ್ದಕ್ಕೋ, ದುಃಖಕ್ಕೋ ಎಂದು ಕೇಳಿದ್ದೀರಿ. ಬಿಗಿತವೊಂದೇ ಕಾರಣವೆಂಬುದನ್ನು ನಾನು ಒಪ್ಪಲಾರೆ. ತಾಯಿಯಿಂದ ಬೇರ್ಪಟ್ಟ ನಾಯಿಮರಿಗಳ ಅಳು ಅತ್ಯಲ್ಪ ಪ್ರಮಾಣದ ನೋವುನಿವಾರಕ ಮಾರ್ಫಿನ್‌ನಿಂದ ತಗ್ಗುವುದನ್ನು ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಮತ್ತು ಸಂಗಡಿಗರು 1970ರ ದಶಕದಲ್ಲೇ ತೋರಿಸಿದ್ದರು. ಗಿನಿಪಿಗ್‌ಗಳಲ್ಲಿ ಮಧ್ಯಮಿದುಳಿನ ಬೂದು ಭಾಗದಿಂದ ಥಲಾಮಸ್ ಎಂಬ ಮಿದುಳಿನ ನಡುಭಾಗದ ಮೂಲಕ ಮುಮ್ಮಿದುಳಿನವರೆಗೆ ಹಬ್ಬಿದ ನರಜಾಲವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಅಗಲಿಕೆಯ ಅದೇ ಕೂಗು ಹೊರಡುತ್ತದೆ. ಈ ಭಾಗಗಳು ಆಕಳಿನಲ್ಲೂ ನಮ್ಮಲ್ಲೂ ಇವೆ. ಇವು ಮರಿಗಳ ಮೇಲಿನ ಪ್ರಯೋಗಗಳೆಂಬುದು ನಿಜ. ತಾಯಿಯ ವಿಷಯಕ್ಕೆ ಬಂದರೆ, ಈಯುವ ಹೊತ್ತಿನಲ್ಲಿ ಮಿದುಳಿನೊಳಗೆ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಮರಿಯೊಂದಿಗಿನ ನಂಟನ್ನು ಬೆಸೆಯುತ್ತದೆಂಬುದು ಕುರಿಗಳಲ್ಲಿ ಚೆನ್ನಾಗಿ ರುಜುವಾತಾಗಿದೆ. ಹಾಲು ಪೂರ್ತಿ ಹಿಂಡಿದ ನಂತರವೂ ಆಕಳು ಒದರುತ್ತದೆಯೇ ಎಂಬುದನ್ನು ಗಮನಿಸಿರಿ. ಒದರಿದರೆ ಕೆಚ್ಚಲಿನ ಬಿಗಿತವೊಂದೇ ಕಾರಣವೆಂಬ ವಾದ ಬಿದ್ದುಹೋಗುತ್ತದೆ.