ಕ್ರಿಯೇಟ್ ರಿಯಾಕ್ಟ್ ಆಪ್ ‘ಹಳೆಯದು’ ಎನ್ನುತ್ತಿದೆ, ಮುಂದುವರಿಯಲೇ?

ನೀವು ಕಲಬುರಗಿಯಲ್ಲಿ ಬಿಸಿಎ ಓದುತ್ತಿದ್ದೀರಿ, ಪಾಠದಲ್ಲಿದ್ದ ಆಜ್ಞೆ ಕೊಟ್ಟಾಗ ಈ ಎಚ್ಚರಿಕೆ ಬಂದಿತು ಎಂದಿದ್ದೀರಿ.

ಮುಂದುವರಿಯಬೇಡಿ. ವೆಬ್ ಪುಟ ಕಟ್ಟಲು ನೆರವಾಗುವ ರಿಯಾಕ್ಟ್‌ನಲ್ಲಿ ಆಪ್ ಶುರುಮಾಡಿಕೊಡಲೆಂದು 2016ರಲ್ಲಿ ಬಂದ ಆ ಉಪಕರಣವನ್ನು ಹೊಸ ಆಪ್‌ಗಳಿಗೆ ಬಳಸಬೇಡಿ ಎಂದು ರಿಯಾಕ್ಟ್ ತಂಡವೇ 2025ರ ಫೆಬ್ರುವರಿಯಲ್ಲಿ ಹೇಳಿತು. ಅದೇ ಕೆಲಸಕ್ಕೆ ‘ವೀಟ್’ ಎಂಬ ಉಪಕರಣ ಹಿಡಿಯಿರಿ. ಫ್ರೆಂಚ್‌ನಲ್ಲಿ ‘ಬೇಗ’ ಎಂದರ್ಥ, ಕೆಲಸವೂ ಹಾಗೆಯೇ. ಆಜ್ಞೆ ಟೈಪಿಸುವ ಟರ್ಮಿನಲ್‌ನಲ್ಲಿ ‘ಎನ್‌ಪಿಎಂ ಕ್ರಿಯೇಟ್ ವೀಟ್’ ಎಂದು ಕೊಟ್ಟರೆ (ಎನ್‌ಪಿಎಂ ಎಂದರೆ ಪ್ಯಾಕೇಜುಗಳನ್ನು ಇಳಿಸಿಕೊಡುವ ಸಾಧನ) ಆಪ್‌ನ ಹೆಸರು, ಬೇಕಿರುವುದು ರಿಯಾಕ್ಟೋ ಅದರಂಥದೇ ಆದ ವ್ಯೂವೋ ಎಂಬುದನ್ನು ಕೇಳಿ, ಉತ್ತು ಹದ ಮಾಡಿದ ಹೊಲದಂತೆ ಫೋಲ್ಡರ್ ಸಿದ್ಧಪಡಿಸುತ್ತದೆ. ಅದರೊಳಗೆ ಹೋಗಿ ‘ಎನ್‌ಪಿಎಂ ಇನ್‌ಸ್ಟಾಲ್’, ಬಳಿಕ ‘ಎನ್‌ಪಿಎಂ ರನ್ ಡೆವ್’. ಪುಟ ತೆರೆಯುವುದು ಬ್ರೌಸರ್‌ನಲ್ಲಿ, ಲೋಕಲ್‌ಹೋಸ್ಟ್ (ಅಂದರೆ ನಿಮ್ಮದೇ ಕಂಪ್ಯೂಟರ್) 5173ರಲ್ಲಿ. ಹಳೆಯ ಅಭ್ಯಾಸದಂತೆ 3000 ಹೊಡೆದು ಕಾಯಬೇಡಿ.

ಹೆಚ್ಚಿನವರು ಎಡವುವುದು ಕೆಲಸವನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯುವಾಗ. ಇನ್‌ಸ್ಟಾಲ್ ಮಾಡಿದ ಪ್ಯಾಕೇಜುಗಳು ಕೂರುವ ‘ನೋಡ್ ಮಾಡ್ಯೂಲ್ಸ್’ ಫೋಲ್ಡರ್‌ನಲ್ಲಿ ಸಾವಿರಾರು ಪುಟ್ಟ ಕಡತಗಳಿರುತ್ತವೆ. ಅದನ್ನೂ ಕಾಪಿಗೆ ಹಾಕಿ, ಪಟ್ಟಿ ತೆವಳುವುದನ್ನು ನೋಡುತ್ತಾ ಕುಳಿತು ಒಮ್ಮೆ ಆಳಂದದ ಕೊನೆಯ ಬಸ್ ತಪ್ಪಿಸಿಕೊಂಡಿದ್ದೇನೆ. ಅದೊಂದನ್ನು ಬಿಟ್ಟು ಉಳಿದದ್ದನ್ನು ಒಯ್ಯಿರಿ. ಬೇಕಾದ ಪ್ಯಾಕೇಜುಗಳ ಪಟ್ಟಿ ‘ಪ್ಯಾಕೇಜ್ ಜೇಸನ್’ ಕಡತದಲ್ಲಿದೆ. ಮನೆಯಲ್ಲಿ ಇನ್‌ಸ್ಟಾಲ್ ಆಜ್ಞೆ ಕೊಟ್ಟರೆ ಎಲ್ಲವೂ ಮತ್ತೆ ಇಳಿಯುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ಆಗಿದ್ದರೆ ದಿನದ ಡೇಟಾ ಎಷ್ಟು ಉಳಿದಿದೆ ಎಂದು ಮೊದಲೇ ನೋಡಿಕೊಳ್ಳಿ.