ದಿನಪತ್ರಿಕೆಯ ಪದಬಂಧ ಪ್ರತಿದಿನ ಅರ್ಧಕ್ಕೇ ನಿಲ್ಲುತ್ತದೆ, ಸಹಾಯ ಎಲ್ಲಿ ಸಿಗುತ್ತದೆ?

ನೀವು ಎರಡು ವಿಷಯ ಕೇಳಿದ್ದೀರಿ. ಅರ್ಧಕ್ಕೆ ನಿಂತ ಪದಬಂಧವನ್ನು ಮುಗಿಸಲು, ಇಂಗ್ಲಿಷಿನಲ್ಲಿ ಇರುವ ಹಾಗೆ, ಗೊತ್ತಿರುವ ಅಕ್ಷರಗಳನ್ನು ಕೊಟ್ಟರೆ ಉತ್ತರ ಹೇಳುವ ಜಾಲತಾಣವನ್ನು ಕನ್ನಡಕ್ಕೂ ಬಳಸಬಹುದೇ ಎಂಬುದು ಮೊದಲನೆಯದು. ಇಂದು ನಿಮ್ಮನ್ನು ಕಾಡುತ್ತಿರುವ 'ಮೋಡ' (ಮೂರಕ್ಷರ, ನಡುವಿನದು 'ರಿ') ಮತ್ತು 'ಸಾಗರದೊಳಗಿನ ವಿಷ' (ಎರಡಕ್ಷರ) ಎಂಬ ಸುಳಿವುಗಳ ಉತ್ತರವೇನು ಎಂಬುದು ಎರಡನೆಯದು. ಎರಡನೆಯದಕ್ಕೆ ಉತ್ತರ ಸುಲಭ: 'ವಾರಿದ' ಮತ್ತು 'ಗರ'. ಆದರೆ ನಾಳೆ ಇನ್ನೆರಡು ಸುಳಿವುಗಳು ಕಾಡುವುದರಿಂದ ಈ ಉತ್ತರಗಳನ್ನು ತಲುಪುವ ದಾರಿಯನ್ನೂ ಹೇಳುತ್ತೇನೆ.

ಇಂಗ್ಲಿಷಿನ ಉಪಕರಣಗಳ ಮಾದರಿ ನಮಗೆ ಒಗ್ಗದಿರಲು ಒಂದು ಗಟ್ಟಿ ಕಾರಣವಿದೆ. ನಮ್ಮ ಪದಬಂಧದ ಒಂದು ಚೌಕದಲ್ಲಿ ಕೂರುವುದು ಗುಣಿತ, ಒತ್ತು, ಸೊನ್ನೆಗಳೆಲ್ಲ ಸೇರಿದ ಇಡೀ ಅಕ್ಷರ. ಕಂಪ್ಯೂಟರಿಗಾದರೋ ಅದು ಬಿಡಿ ಸಂಕೇತಗಳ ಸಾಲು. ನಾವು ಒಂದೇ ಚೌಕದಲ್ಲಿ ಬರೆಯುವ 'ಸ್ತ್ರೀ' ಯುನಿಕೋಡಿನಲ್ಲಿ ಆರು ಸಂಕೇತಗಳಾಗುತ್ತದೆ, ಮೂರು ಚೌಕದ 'ವಾರಿದ' ಐದಾಗುತ್ತದೆ. ಹೀಗಾಗಿ ಗೊತ್ತಿಲ್ಲದ ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಹುಡುಕುವ ಸಾಮಾನ್ಯ ಉಪಕರಣಕ್ಕೆ ನಮ್ಮ ಮೂರಕ್ಷರ ಮೂರಾಗಿ ಕಾಣುವುದೇ ಇಲ್ಲ. ಇತ್ತೀಚಿನ ಚಾಟ್‌ಬಾಟ್‌ಗಳನ್ನು ಕೇಳಿದರೂ ಅವು ಅರ್ಥಕ್ಕೆ ಹೊಂದುವ ಪದ ಕೊಟ್ಟು ಅಕ್ಷರದ ಲೆಕ್ಕದಲ್ಲಿ ಎಡವುವುದುಂಟು, ಆದ್ದರಿಂದ ಅವು ಕೊಟ್ಟ ಉತ್ತರವನ್ನು ಬೆರಳು ಮಡಿಸಿ ಎಣಿಸಿಕೊಂಡೇ ಬರೆಯಿರಿ. ಅಕ್ಷರವನ್ನೇ ಎಣಿಸುವ ಹುಡುಕಾಟದ ಉಪಕರಣವನ್ನು ಬರೆಯುವುದು ಪ್ರೋಗ್ರಾಮಿಂಗ್ ಬಲ್ಲವರಿಗೆ ಅಷ್ಟೇನೂ ಕಷ್ಟವಲ್ಲ, ವಿ. ಕೃಷ್ಣ ಅವರ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟಿನ ದತ್ತಾಂಶವು ಮುಕ್ತ ಪರವಾನಗಿಯಲ್ಲಿಯೇ ಲಭ್ಯವಿದೆ.

ಕಂಪ್ಯೂಟರಿಗೆ ತೊಡಕಾಗುವ ಇದೇ ಗುಣ ಬಿಡಿಸುವವರಿಗೆ ದೊಡ್ಡ ಅನುಕೂಲ. ಅಡ್ಡಸಾಲು ಮತ್ತು ಕೆಳಸಾಲು ಕೂಡುವ ಚೌಕದಲ್ಲಿ ನಿಮಗೆ ಸಿಕ್ಕಿರುವುದು ಬರೀ ವ್ಯಂಜನವಲ್ಲ, ಸ್ವರವೂ ಅದರಲ್ಲಿಯೇ ಇದೆ. ನಿಮ್ಮ 'ಮೋಡ'ವನ್ನೇ ನೋಡಿ. ಮೂರಕ್ಷರದ ಮೋಡಗಳು ನಮ್ಮಲ್ಲಿ ಬೇಕಾದಷ್ಟಿವೆ: ಮುಗಿಲು, ಜಲದ, ನೀರದ, ವಾರಿದ, ಅಂಬುದ, ತೋಯದ, ಪಯೋದ, ಜೀಮೂತ. ಇವುಗಳ ನಡುವಿನ ಅಕ್ಷರಗಳನ್ನು ಮಾತ್ರ ಸಾಲಾಗಿ ಓದಿದರೆ ಗಿ, ಲ, ರ, ರಿ, ಬು, ಯ, ಯೋ, ಮೂ ಎಂದಾಗುತ್ತದೆ, ಒಂದರಂತೆ ಇನ್ನೊಂದಿಲ್ಲ. 'ನೀರದ' ಮತ್ತು 'ವಾರಿದ' ಎರಡರಲ್ಲೂ ನಡುವೆ ರಕಾರವೇ ಇದ್ದರೂ ಆ ಒಂದು ಗುಡಿಸು ಅವುಗಳನ್ನು ಬೇರೆ ಮಾಡುತ್ತದೆ. ಆದ್ದರಿಂದ ಕಷ್ಟದ ಸುಳಿವಿನ ಮುಂದೆ ಕುಳಿತು ತಲೆ ಕೆರೆದುಕೊಳ್ಳುವ ಬದಲು, ಅದನ್ನು ಅಡ್ಡಹಾಯುವ ಸುಲಭದ ಪದವನ್ನು ಮೊದಲು ತುಂಬಿಸಿ ಒಂದೇ ಒಂದು ಅಕ್ಷರವನ್ನು ಸಂಪಾದಿಸಿಕೊಳ್ಳುವುದು ಯಾವ ನಿಘಂಟಿಗಿಂತಲೂ ಹೆಚ್ಚಿನ ನೆರವು. ನನ್ನ ಅನುಭವದಲ್ಲಿ ಪದಬಂಧ ರಚಿಸುವವರು ಕೂಡುವ ಚೌಕಗಳಲ್ಲಿ ಒತ್ತಕ್ಷರ ಬಾರದಂತೆ ಆದಷ್ಟೂ ನೋಡಿಕೊಳ್ಳುತ್ತಾರೆ, ಏಕೆಂದರೆ 'ದ್ರ' ಅಥವಾ 'ಷ್ಟಿ' ಎಂಬ ಅಕ್ಷರಕ್ಕೆ ಎರಡೂ ದಿಕ್ಕಿನಲ್ಲಿ ಪದ ಹೊಂದಿಸುವುದು ಅವರಿಗೂ ಕಷ್ಟ. ನಿಮ್ಮ ಊಹೆಯ ಪದದಲ್ಲಿ ಕೂಡುವ ಕಡೆಯೇ ದೊಡ್ಡ ಒತ್ತಕ್ಷರ ಬಂದರೆ ಇನ್ನೊಂದು ಸಮಾನಾರ್ಥಕವನ್ನು ಹುಡುಕಿ ನೋಡುವುದು ಒಳ್ಳೆಯದು.

ಈ ಸಮಾನಾರ್ಥಕಗಳನ್ನು ಉರುಹೊಡೆಯಬೇಕಾಗಿಲ್ಲ, ಅವು ಹುಟ್ಟುವ ಕ್ರಮವನ್ನು ತಿಳಿದರೆ ಸಾಕು. ನೀರಿಗೆ ಜಲ, ವಾರಿ, ನೀರ, ಅಂಬು, ತೋಯ ಎಂಬ ಹೆಸರುಗಳಿವೆಯಲ್ಲ, ಇವುಗಳ ಕೊನೆಗೆ ಹುಟ್ಟಿದ್ದು ಎಂಬರ್ಥದ 'ಜ' ಸೇರಿಸಿದರೆ ಜಲಜ, ವಾರಿಜ, ನೀರಜ, ಅಂಬುಜ ಎಂದು ತಾವರೆ ಅರಳುತ್ತದೆ. ಕೊಡುವಂಥದ್ದು ಎಂಬರ್ಥದ 'ದ' ಸೇರಿಸಿದರೆ ಮೇಲೆ ಹೇಳಿದ ಮೋಡಗಳು ಕವಿಯುತ್ತವೆ. ತನ್ನೊಳಗೆ ಇಟ್ಟುಕೊಂಡದ್ದು ಎಂಬರ್ಥದ 'ಧಿ' ಸೇರಿಸಿದರೆ ಜಲಧಿ, ವಾರಿಧಿ, ಅಂಬುಧಿ ಎಂದು ಸಮುದ್ರವಾಗುತ್ತದೆ. ಅಂದರೆ ನೀರಿನ ನಾಲ್ಕೈದು ಹೆಸರುಗಳನ್ನು ಬಲ್ಲವರಿಗೆ ತಾವರೆ, ಮೋಡ, ಸಮುದ್ರಗಳ ಹತ್ತಾರು ಹೆಸರುಗಳು ತಾವಾಗಿಯೇ ದೊರೆಯುತ್ತವೆ, ಮತ್ತು ಸುಳಿವನ್ನು ಓದಿದ ಕೂಡಲೇ ಕೊನೆಯ ಚೌಕದಲ್ಲಿ ಪೆನ್ಸಿಲಿನಿಂದ ಜ, ದ ಅಥವಾ ಧಿ ಎಂದು ಬರೆದಿಟ್ಟುಕೊಳ್ಳುವ ಧೈರ್ಯ ಬರುತ್ತದೆ. ಹೆಣ್ಣು ಹೆಸರಾದರೆ 'ಜ' ಎಂಬುದು 'ಜೆ' ಆಗುತ್ತದೆ. ಗಿರಿಜೆ, ಶೈಲಜೆ, ನಗಜೆ ಮೂವರೂ ಪಾರ್ವತಿಯೇ. ಅವನಿಜೆ, ಭೂಮಿಜೆ ಎಂದರೆ ಸೀತೆ. ಹೋಗುವುದು ಎಂಬರ್ಥದ 'ಗ' ಇನ್ನೊಂದು ದೊಡ್ಡ ಕುಟುಂಬ: ಆಕಾಶದಲ್ಲಿ ಹೋಗುವುದು ಖಗ, ಎದೆಯಿಂದ ತೆವಳುವುದು ಉರಗ, ವೇಗವಾಗಿ ಹೋಗುವುದು ತುರಗ, ಎಲ್ಲಿಗೂ ಹೋಗದ ಬೆಟ್ಟ ನಗ.

ಒಂದೇ ಪದಕ್ಕೆ ಹಲವು ಅರ್ಥವಿರುವ ಕಡೆ ರಚನಕಾರರು ಬೇಕೆಂದೇ ನಮ್ಮನ್ನು ದಾರಿ ತಪ್ಪಿಸುತ್ತಾರೆ. 'ಕರ' ಎಂಬ ಎರಡಕ್ಷರಕ್ಕೆ ಕೈ, ತೆರಿಗೆ, ಕಿರಣ, ಆನೆಯ ಸೊಂಡಿಲು ಎಂಬ ನಾಲ್ಕು ಬಗೆಯ ಸುಳಿವು ಕೊಡಬಹುದು. 'ದ್ವಿಜ' ಎಂದರೆ ಹಕ್ಕಿಯೂ ಹೌದು, ಹಲ್ಲೂ ಹೌದು. 'ಶರಧಿ' ಸಮುದ್ರವೂ ಬತ್ತಳಿಕೆಯೂ ಆಗುತ್ತದೆ. 'ಸೂರ್ಯನ ಮಗ' ಎಂಬ ಸುಳಿವಿಗಂತೂ ಕರ್ಣ, ಶನಿ, ಯಮ ಮೂವರೂ ಎರಡೆರಡು ಅಕ್ಷರದವರಾಗಿ ಸಾಲುಗಟ್ಟಿ ನಿಲ್ಲುತ್ತಾರೆ, ಅಲ್ಲಿ ಅಡ್ಡಹಾಯುವ ಅಕ್ಷರವಿಲ್ಲದೆ ಪೆನ್ನು ಮುಟ್ಟಬಾರದು.

'ಸಾಗರದೊಳಗಿನ ವಿಷ' ಬೇರೆಯ ಜಾತಿಯ ಸುಳಿವು. ಸಮುದ್ರಮಥನವನ್ನು ನೆನೆದು ನೀವು 'ಹಾಲಾಹಲ' ಎಂದು ಯೋಚಿಸಿರಬಹುದು, ರಚಿಸಿದವರಿಗೆ ಬೇಕಾಗಿದ್ದುದೂ ಅದೇ. ಆದರೆ ಇಲ್ಲಿ ಉತ್ತರ ಸುಳಿವಿನ ಅಕ್ಷರಗಳಲ್ಲಿಯೇ ಅಡಗಿದೆ: ಸಾಗರ ಎಂಬುದರಿಂದ 'ಸಾ' ತೆಗೆದರೆ ಉಳಿಯುವ 'ಗರ' ಎಂದರೆ ವಿಷ. ಒಳಗೆ, ಅಡಗಿದ, ನಡುವೆ ಎಂಬ ಮಾತುಗಳು ಸುಳಿವಿನಲ್ಲಿ ಕಂಡರೆ ಅರ್ಥವನ್ನು ಬಿಟ್ಟು ಅಕ್ಷರಗಳನ್ನು ನೋಡಿ. ಹಿಂದುಮುಂದು, ತಿರುಗಿದ, ತಲೆಕೆಳಗಾದ ಎಂದಿದ್ದರೆ ಪದವನ್ನು ತಿರುಗಿಸಿ ಓದಬೇಕು, ಆಗ 'ಸರ' ಎಂಬುದು 'ರಸ'ವಾಗುತ್ತದೆ. ಚದುರಿದ, ಅಸ್ತವ್ಯಸ್ತ ಎಂಬ ಮಾತುಗಳಿದ್ದರೆ ಅಕ್ಷರಗಳ ಕ್ರಮ ಕಲಸಿಹೋಗಿದೆ ಎಂದರ್ಥ. ಸುಳಿವಿಗೂ ಉತ್ತರಕ್ಕೂ ವ್ಯಾಕರಣದ ಹೊಂದಾಣಿಕೆ ಇರುತ್ತದೆ ಎಂಬುದನ್ನು ಮರೆಯಬೇಡಿ. 'ಓಡಿಹೋದ' ಎಂಬ ಸುಳಿವಿಗೆ 'ಪಲಾಯನ' ಉತ್ತರವಾಗಲಾರದು. 'ಹಳಗನ್ನಡದಲ್ಲಿ' ಎಂದು ಬರೆದಿದ್ದರೆ ಪದದ ಮೊದಲ ಹಕಾರವನ್ನು ಪಕಾರ ಮಾಡಿ ನೋಡಿ (ಹುಲಿ ಪುಲಿಯಾಗುತ್ತದೆ, ಹಾಲು ಪಾಲಾಗುತ್ತದೆ), 'ತದ್ಭವ' ಎಂದಿದ್ದರೆ ಕಾರ್ಯಕ್ಕೆ ಕಜ್ಜ, ವಿದ್ಯೆಗೆ ಬಿಜ್ಜೆ, ಪೃಥ್ವಿಗೆ ಪೊಡವಿ ಎಂಬಂಥ ರೂಪಗಳನ್ನು ನೆನಪಿಸಿಕೊಳ್ಳಿ.

ಪುಸ್ತಕಗಳ ನೆರವು ಬೇಕೆಂದಾದರೆ ಮೊದಲು ಒಂದು ಮಾತು. ನಿಘಂಟು ಪದದಿಂದ ಅರ್ಥಕ್ಕೆ ಹೋಗುತ್ತದೆ, ಪದಬಂಧ ಬಿಡಿಸುವವರಿಗೆ ಬೇಕಾದದ್ದು ಅರ್ಥದಿಂದ ಪದಕ್ಕೆ ಹೋಗುವ ದಾರಿ. ಈ ದೃಷ್ಟಿಯಿಂದ ಅಮರಸಿಂಹನ ಅಮರಕೋಶಕ್ಕೆ ಸಾಟಿಯಿಲ್ಲ. ಅದು ಅಕಾರಾದಿಯಲ್ಲಿಲ್ಲ, ವಾರಿವರ್ಗ, ಭೂಮಿವರ್ಗ, ಶೈಲವರ್ಗ, ಸಿಂಹಾದಿವರ್ಗ ಎಂದು ವಿಷಯದ ಪ್ರಕಾರ ಸಮಾನಾರ್ಥಕಗಳನ್ನು ಗುಂಪುಗೂಡಿಸಿದೆ; ಮೂರನೆಯ ಕಾಂಡದ ನಾನಾರ್ಥವರ್ಗವಂತೂ ಒಂದೇ ಪದದ ಹಲವು ಅರ್ಥಗಳಿಗೇ ಮೀಸಲು. ಕನ್ನಡ ಲಿಪಿಯಲ್ಲಿ ಕನ್ನಡ ಅರ್ಥದೊಂದಿಗೆ ಅಚ್ಚಾದ ಪ್ರತಿಯೊಂದನ್ನು ಕೊಂಡಿಟ್ಟುಕೊಳ್ಳಿ. ದೇಸಿ ಪದಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ದೊಡ್ಡ ಆಕರ, ದಿನಬಳಕೆಗೆ ಅದರ ಸಂಕ್ಷಿಪ್ತ ಆವೃತ್ತಿಯೇ ಸಾಕಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಹಳೆಯ ರೂಪಗಳಿಗೆ ಈಗಲೂ ಒದಗುತ್ತದೆ. 'ಅಲರ್' ಅನ್ನು ನಾನು ಬಳಸುವುದು ಊಹೆ ಮೂಡಿದ ಮೇಲೆ ಖಾತ್ರಿಪಡಿಸಿಕೊಳ್ಳುವುದಕ್ಕೆ; ಹೊಂದುವ ಪದವೊಂದು ಮನಸ್ಸಿಗೆ ಬಂದು ಅಂಥ ಪದ ನಿಜಕ್ಕೂ ಇದೆಯೇ ಎಂಬ ಅನುಮಾನ ಬಂದಾಗ ಅದು ಕ್ಷಣದಲ್ಲಿ ತೀರ್ಮಾನ ಕೊಡುತ್ತದೆ. ಪುರಾಣದ ಮತ್ತು ಸಾಹಿತ್ಯದ ಸುಳಿವುಗಳಿಗೆ ಮಾತ್ರ ಮನೆಯ ಹಿರಿಯರನ್ನು ಕೇಳಿ. ಭೀಮನ ಶಂಖ ಪೌಂಡ್ರ, ಅರ್ಜುನನದು ದೇವದತ್ತ, ಅಲ್ಲಮನ ಅಂಕಿತ ಗುಹೇಶ್ವರ, ಬೇಂದ್ರೆಯವರ ಕಾವ್ಯನಾಮ ಅಂಬಿಕಾತನಯದತ್ತ ಎಂಬಂಥವು ಅವರ ನಾಲಿಗೆಯ ತುದಿಯಲ್ಲಿರುತ್ತವೆ.

ಹೀಗೆ ಕೇಳಿ, ನೋಡಿ ಬಿಡಿಸುವುದು ಮೋಸವಲ್ಲವೇ ಎಂದೂ ಕೊನೆಯಲ್ಲಿ ಬರೆದಿದ್ದೀರಿ. ಬಹುಮಾನದ ಸ್ಪರ್ಧೆಯಾದರೆ ಅದರ ನಿಯಮವನ್ನು ಪಾಲಿಸಬೇಕು. ಮಿಕ್ಕಂತೆ ಕಾಫಿಯ ಜೊತೆಗಿನ ಪದಬಂಧಕ್ಕೆ ನಿಯಮ ಹಾಕುವವರು ಯಾರೂ ಇಲ್ಲ. ಆದರೂ ಮರುದಿನದ ಪತ್ರಿಕೆಯಲ್ಲಿ ಬರುವ ಉತ್ತರವನ್ನು ನೋಡಿ ಹಾಗೆಯೇ ಪುಟ ಮಗುಚಬೇಡಿ. ಬಿಡಿಸಲಾಗದೆ ಉಳಿದ ಸುಳಿವನ್ನೂ ಅದರ ಉತ್ತರವನ್ನೂ ಒಂದು ಪುಸ್ತಕದಲ್ಲಿ, ಭೂಮಿ, ಆನೆ, ಹಾವು, ಚಿನ್ನ ಹೀಗೆ ಅರ್ಥದ ತಲೆಬರಹದ ಕೆಳಗೆ ಅಕ್ಷರಸಂಖ್ಯೆಯ ಸಮೇತ ಬರೆದಿಡಿ. ಒಂದೇ ಪತ್ರಿಕೆಯಲ್ಲಿ ಅವೇ ಪದಗಳು ಮತ್ತೆ ಮತ್ತೆ ಸುತ್ತಿ ಬರುವುದರಿಂದ ಈ ಪಟ್ಟಿ ಬೇಗ ಫಲ ಕೊಡುತ್ತದೆ. ಬರೆಯುವಾಗ ಇಂಗ್ಲಿಷಿನಿಂದ ಬಂದ ಪದಗಳ ಅಕ್ಷರಸಂಖ್ಯೆಯನ್ನು ವಿಶೇಷವಾಗಿ ಗಮನಿಸಿ: 'ಬಸ್', 'ಬಸ್ಸು' ಎರಡಕ್ಕೂ ಎರಡೇ ಚೌಕ ಬೇಕಾದರೂ ಕೊನೆಯ ಅಕ್ಷರ ಬೇರೆಯಾಗುತ್ತದೆ, ನಿಮ್ಮ ಪತ್ರಿಕೆಯವರು ಯಾವ ರೂಪವನ್ನು ಬಳಸುತ್ತಾರೆ ಎಂಬುದು ಹಳೆಯ ಉತ್ತರಗಳಿಂದಲೇ ತಿಳಿಯಬೇಕು.