ಟ್ರೇಲ್ ಕೆಲಸಕ್ಕೆ ನಾವೂ ಹೋಗಬಹುದಾ?

ಅಮೆರಿಕದ ವರ್ಜೀನಿಯಾಕ್ಕೆ ಬಂದು ಕೆಲವೇ ತಿಂಗಳಾಗಿದೆ, ಎಚ್-4 ವೀಸಾ (ಇಲ್ಲಿ ಕೆಲಸಕ್ಕೆ ಬಂದವರ ಸಂಗಾತಿ, ಮಕ್ಕಳಿಗೆ ಸಿಗುವುದು), ಪರಿಚಯದವರು ಕಡಿಮೆ. ಮನೆ ಹತ್ತಿರದ ಪಾರ್ಕಿನಲ್ಲಿ ಟ್ರೇಲ್, ಅಂದರೆ ಕಾಡಿನ ಕಾಲುದಾರಿಯ ದುರಸ್ತಿಗೆ ಸ್ವಯಂಸೇವಕರು ಬೇಕು ಅನ್ನೋ ಬೋರ್ಡ್ ನೋಡಿದೆ, ನಮ್ಮಂಥವರು ಹೋಗಬಹುದಾ, ಹೋದರೆ ಏನು ಮಾಡಿಸುತ್ತಾರೆ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಇಲ್ಲಿ ನೆಲೆಸಿ ಬಹಳ ವರ್ಷವಾದ ನನಗೆ ಈ ಊರು ನನ್ನದು ಅನ್ನಿಸಿದ್ದು ಗ್ರೀನ್ ಕಾರ್ಡ್ ಬಂದ ದಿನ ಅಲ್ಲ, ಇಲ್ಲಿನ ಕಾಡಿನಲ್ಲಿ ಗುದ್ದಲಿ ಹಿಡಿದ ಮೇಲೆ.

ಮೊದಲು ವೀಸಾ ವಿಷಯ. ಸಂಬಳವಿಲ್ಲದ, ಯಾವತ್ತೂ ಸ್ವಯಂಸೇವಕರೇ ಮಾಡಿಕೊಂಡು ಬಂದಿರುವ ಕೆಲಸಕ್ಕೆ ಎಚ್-4 ಅಡ್ಡಿಯಾಗುವುದಿಲ್ಲ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡಿ ಅಂದರೆ ಮಾತ್ರ ಒಪ್ಪಬೇಡಿ. ನ್ಯಾಷನಲ್ ಪಾರ್ಕ್, ನ್ಯಾಷನಲ್ ಫಾರೆಸ್ಟ್‌ನಂಥ ಫೆಡರಲ್ (ಕೇಂದ್ರ ಸರ್ಕಾರದ) ಜಾಗವಾದರೆ ವೀಸಾ ಯಾವುದೆಂದು ಮೊದಲೇ ಅಲ್ಲಿನ ಸಂಯೋಜಕರಿಗೆ ತಿಳಿಸಿ, ಸ್ವಯಂಸೇವಕರ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ ಕೆಲಸಕ್ಕೆ ಇಳಿಯಿರಿ. ಸಹಿ ಇದ್ದರೆ, ಕೆಲಸದಲ್ಲಿ ಪೆಟ್ಟಾದಾಗ ಫೆಡರಲ್ ನೌಕರರಿಗೆ ಸಿಗುವ ಪರಿಹಾರ ನಿಮಗೂ ಅನ್ವಯಿಸುತ್ತದೆ.

ಇನ್ನು ಕೆಲಸ. ಟ್ರೇಲ್ ಹಾಳಾಗುವುದು ನಡೆಯುವವರ ಕಾಲಿಗಿಂತ ಹೆಚ್ಚಾಗಿ ಮಳೆನೀರಿನಿಂದ. ಇಳಿಜಾರಿನ ದಾರಿಗೆ ನೀರು ಇಳಿದರೆ ಸಾಕು, ಅದೇ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗಿ ಬೇರು, ಕಲ್ಲು ಮೇಲೇಳುತ್ತವೆ. ಜನ ಪಕ್ಕಕ್ಕೆ ಸರಿದು ನಡೆಯುತ್ತಾರೆ, ದಾರಿ ಅಗಲವಾಗುತ್ತಾ ಹೋಗಿ ಅಂಚಿನ ಗಿಡಗಳು ಸಾಯುತ್ತವೆ. ಕೊಚ್ಚಿಹೋದ ಮಣ್ಣು ಕೆಳಗಿನ ತೊರೆ ಸೇರಿ ಕಲ್ಲುಗಳ ಸಂದಿಯಲ್ಲಿ ಕೂರುತ್ತದೆ. ಮೇಫ್ಲೈ, ಸ್ಟೋನ್‌ಫ್ಲೈ ಹುಳುಗಳ ಮರಿಗಳು ಬದುಕುವುದು ಅದೇ ಸಂದಿಗಳಲ್ಲಿ. ಅವುಗಳನ್ನು ತಿಂದು ಬದುಕುವ ಟ್ರೌಟ್ ಮೀನಿಗೂ ಕಷ್ಟ. ಅದಕ್ಕೇ ದಾರಿಗೆ ಓರೆಯಾಗಿ ಕಲ್ಲನ್ನೋ ಮರದ ದಿಮ್ಮಿಯನ್ನೋ ಹೂತು ನೀರನ್ನು ಬದಿಗೆ ತಿರುಗಿಸಿರುತ್ತಾರೆ, ವಾಟರ್ ಬಾರ್ ಅಂತಾರೆ. ಅದರ ಹಿಂದೆ ತರಗೆಲೆ, ಹೂಳು ತುಂಬಿಕೊಂಡರೆ ನೀರು ಮೇಲಿಂದ ಹಾದು ಮತ್ತೆ ದಾರಿಗೇ ಬೀಳುತ್ತದೆ. ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಕೆಲಸ ಈ ಹೂಳೆತ್ತುವುದು. ಸಣ್ಣ ಕೆಲಸ ಅಂದುಕೊಳ್ಳಬೇಡಿ. ಮಿಕ್ಕ ಎಲ್ಲ ದುರಸ್ತಿ ಉಳಿಯುವುದು ಇದರ ಮೇಲೆ.

ಸಲಕರಣೆ ಅವರೇ ಕೊಡುತ್ತಾರೆ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಇರುವುದು ಪುಲಾಸ್ಕಿ. 1910ರ ದೊಡ್ಡ ಕಾಡ್ಗಿಚ್ಚಿನಲ್ಲಿ ತನ್ನ ಜೊತೆಯವರನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ ಬಹುಪಾಲು ಜನರನ್ನು ಬದುಕಿಸಿದ ರೇಂಜರ್ ಎಡ್ ಪುಲಾಸ್ಕಿಯ ಹೆಸರು ಅದಕ್ಕೆ. ಗರಗಸಕ್ಕೆ ಬೇರೆಯೇ ತರಬೇತಿ ಬೇಕು, ಅದು ಆಮೇಲೆ.

ನಿಮ್ಮ ರಾಜ್ಯದ ಮೂಲಕವೇ ಹೋಗುವ ಅಪಲೇಚಿಯನ್ ಟ್ರೇಲ್ ನೋಡಿ. ಜಾರ್ಜಿಯಾದಿಂದ ಮೇನ್‌ವರೆಗೆ ಸುಮಾರು 2,190 ಮೈಲಿ. ಅರಣ್ಯತಜ್ಞ ಬೆಂಟನ್ ಮೆಕೈ 1921ರಲ್ಲಿ ಅದರ ಯೋಜನೆಯನ್ನು ಬರೆದು ಮುಂದಿಟ್ಟ, 1937ರಲ್ಲಿ ಪೂರ್ತಿಯಾಯಿತು. ಇವತ್ತಿಗೂ ಅದನ್ನು ನೋಡಿಕೊಳ್ಳುತ್ತಿರುವವರು ಮುಖ್ಯವಾಗಿ ಸ್ಥಳೀಯ ಕ್ಲಬ್ಬುಗಳ ಸ್ವಯಂಸೇವಕರು. ಒಂದೆರಡು ಮೈಲಿಯ ತುಂಡನ್ನು ಒಬ್ಬರ ಹೆಸರಿಗೆ ವಹಿಸಿಬಿಡುತ್ತಾರೆ, ಅವರು ವರ್ಷಾನುಗಟ್ಟಲೆ ಅದನ್ನು ಕಾಯುತ್ತಾರೆ. ಸರ್ಕಾರದ ನೆಲದ ಮೇಲೆ ಸಾಮಾನ್ಯ ಜನರಿಗೆ ಇಷ್ಟು ಹೊಣೆ ಕೊಡುವುದು ನನಗೆ ಈ ದೇಶದಲ್ಲಿ ಅತ್ಯಂತ ಮೆಚ್ಚುಗೆಯಾದ ಸಂಗತಿ.

ಜೂನ್ ಮೊದಲ ಶನಿವಾರದ ನ್ಯಾಷನಲ್ ಟ್ರೇಲ್ಸ್ ಡೇ, ಸೆಪ್ಟೆಂಬರ್ ನಾಲ್ಕನೇ ಶನಿವಾರದ ನ್ಯಾಷನಲ್ ಪಬ್ಲಿಕ್ ಲ್ಯಾಂಡ್ಸ್ ಡೇ ಹೋಗಿ ನೋಡಲು ಒಳ್ಳೆಯವು. ಆದರೆ ಅಲ್ಲಿ ಗುಂಪು ದೊಡ್ಡದು, ಕೈಕುಲುಕಿ ಮರೆತುಬಿಡುತ್ತಾರೆ. ನಿಮಗೆ ಜನ ಬೇಕಾಗಿದ್ದರೆ ತಿಂಗಳಿಗೊಮ್ಮೆ ಸೇರುವ ಸಣ್ಣ ತಂಡ ಹಿಡಿಯಿರಿ. ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ. ಹಲವರು ನಿವೃತ್ತರು, ಮರದ ಹೆಸರಿನಿಂದ ಹಿಡಿದು ಯಾವ ಡಾಕ್ಟರು ಒಳ್ಳೆಯವರು ಅನ್ನುವವರೆಗೆ ತಾಳ್ಮೆಯಿಂದ ಹೇಳುತ್ತಾರೆ. ಮಕ್ಕಳನ್ನು ಕರೆದೊಯ್ಯುವುದಾದರೆ ಮೊದಲೇ ಕೇಳಿ, ಪೋಷಕರ ಸಹಿ ಬೇಕಾಗುತ್ತದೆ.

ಉದ್ದ ಪ್ಯಾಂಟ್, ಪೂರ್ಣ ತೋಳಿನ ಅಂಗಿ, ಗಟ್ಟಿ ಬೂಟು, ಬೇಕಾದಷ್ಟು ನೀರು. ಮೂರೆಲೆಯ ಪಾಯಿಸನ್ ಐವಿ ಮುಟ್ಟಬೇಡಿ. ಎಲೆ ಉದುರಿದ ಬಳ್ಳಿಯೂ ಚರ್ಮಕ್ಕೆ ಬೊಬ್ಬೆ ತರಿಸುತ್ತದೆ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳು, ನೆತ್ತಿ ಎಲ್ಲ ಕಡೆ ಉಣುಗು ಇದೆಯಾ ನೋಡಿಕೊಳ್ಳಿ. ಲೈಮ್ ಕಾಯಿಲೆ ಹರಡುವ ಮರಿ ಉಣುಗು ಗಸಗಸೆಯಷ್ಟೇ ಇರುತ್ತದೆ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಆಮೇಲೆ ಜ್ವರವೋ ಕೆಂಪು ವೃತ್ತವೋ ಕಂಡರೆ ಡಾಕ್ಟರ ಹತ್ತಿರ ಹೋಗಿ.

ಬೋರ್ಡಿನಲ್ಲಿರುವ ನಂಬರಿಗೆ ಈ ವಾರವೇ ಫೋನ್ ಮಾಡಿ. ಎಲೆ ಉದುರುವ ಕಾಲದಲ್ಲಿ ಹೂಳೆತ್ತುವ ಕೆಲಸ ಜಾಸ್ತಿ, ಅವರಿಗೆ ಆಗ ಎಷ್ಟು ಕೈಗಳಿದ್ದರೂ ಸಾಲದು.